ಹದಿನಾರು ಮೊಳ ಎಲ್ಲಿ ಹೋಯಿತು?

ಸೊಂಟದ ಸುತ್ತಳತೆ 36 ಇಂಚು. ಉಟ್ಟ ಬಟ್ಟೆ ಮುಂದುಗಡೆ ಒಂದರ ಮೇಲೊಂದು ಚೆನ್ನಾಗಿ ಹೊದ್ದುಕೊಳ್ಳಲಿ ಎಂದು ಇನ್ನೊಂದು 18 ಇಂಚು ಸೇರಿಸಿ. ಒಟ್ಟು 54 ಇಂಚು, ಅಂದರೆ ಒಂದೂವರೆ ಗಜ. ಮೊಣಕಾಲಿಗೆ ಬಂದು ನಿಲ್ಲುವ, ತೋಳಿಲ್ಲದ, ಕಾಲಿಲ್ಲದ, ಬರೀ ಸೊಂಟಕ್ಕೆ ಸುತ್ತುವ ಉಡುಪಿಗೆ ಇಷ್ಟು ಸಾಕು ಎಂದು ಯಾವ ದರ್ಜಿಯಾದರೂ ಹೇಳಿಯಾನು. ಸ್ಕಾಟ್ಲೆಂಡಿನಲ್ಲಿ ಕಿಲ್ಟ್ ಹೊಲಿಯುವವರನ್ನು ಕೇಳಿ ನೋಡಿ, ಎಂಟು ಗಜ ಬೇಕು ಅನ್ನುತ್ತಾರೆ. ಏಳು ಮೀಟರಿಗೂ ಮೇಲಾಯಿತು. ಅಜ್ಜಿಯರ ಲೆಕ್ಕದಲ್ಲಿ ಹದಿನಾರು ಮೊಳ. ಹೆಗಲಿನಿಂದ ಹಿಮ್ಮಡಿಯವರೆಗೆ ಮುಚ್ಚಿ, ಮೇಲೆ ಸೆರಗನ್ನೂ ಇಳಿಬಿಡುವ ಸೀರೆಯೇ ಆರು ಗಜದಲ್ಲಿ ಮುಗಿಯುವಾಗ, ಮೊಣಕಾಲುದ್ದದ ತುಂಡು ಉಡುಪಿಗೆ ಎಂಟು ಗಜವೇ? ಒಂದೂವರೆ ಗಜ ಕಣ್ಣಿಗೆ ಕಾಣುತ್ತದೆ. ಉಳಿದ ಆರೂವರೆ ಗಜ ಎಲ್ಲಿ?

ಉಟ್ಟವನ ಬೆನ್ನ ಹಿಂದೆ.

ಕಿಲ್ಟನ್ನು ಮುಂದಿನಿಂದ ನೋಡಿದರೆ ಈ ಗುಟ್ಟು ತಿಳಿಯುವುದಿಲ್ಲ. ಮುಂದುಗಡೆ ನೆರಿಗೆಯೇ ಇಲ್ಲ. ಇಸ್ತ್ರಿ ಮಾಡಿ ಹಾಸಿದ ಮೇಜುಬಟ್ಟೆಯಂತೆ ಸಪಾಟು. ಆ ಸಪಾಟು ಭಾಗಕ್ಕೆ ಏಪ್ರನ್ ಎನ್ನುತ್ತಾರೆ. ಒಳಗೊಂದು, ಅದರ ಮೇಲೆ ಹೊರಗೊಂದು. ಹೊರಗಿನದು ಬಲಪಕ್ಕೆಗೆ ಬಂದು ಚರ್ಮದ ಪಟ್ಟಿ, ಬಕಲ್‌ಗಳಲ್ಲಿ ಬಿಗಿದುಕೊಳ್ಳುತ್ತದೆ. ನೆರಿಗೆಯೆಲ್ಲ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಯವರೆಗೆ ಹಿಂಬದಿಯಲ್ಲಿ. ಸೀರೆಯ ನೆರಿಗೆ ಬೆಳಿಗ್ಗೆ ಹುಟ್ಟಿ ರಾತ್ರಿ ಬಿಚ್ಚಿಹೋಗುವಂಥದು. ಕಿಲ್ಟಿನ ನೆರಿಗೆಯನ್ನು ಸೊಂಟದಿಂದ ಪೃಷ್ಠದ ತುಂಬಿದ ಭಾಗದವರೆಗೆ ಹೊಲಿದು ಕೂರಿಸಿ, ಅಲ್ಲಿಂದ ಕೆಳಗೆ ತನ್ನ ಪಾಡಿಗೆ ಆಡಲು ಬಿಟ್ಟಿರುತ್ತಾರೆ. ಒಳ್ಳೆಯ ಕಿಲ್ಟಿನಲ್ಲಿ ಈ ಹೊಲಿಗೆ ಪೂರ್ತಿ ಕೈಯದು. ಕಿಲ್ಟ್ ಎಂಬ ಪದವೂ ಮೂಲದಲ್ಲಿ ಒಂದು ಉಡುಪಿನ ಹೆಸರಲ್ಲ. ಸ್ಕಾಂಡಿನೇವಿಯಾ ಕಡೆಯಿಂದ ಬಂದ ಆ ಕ್ರಿಯಾಪದಕ್ಕೆ ಬಟ್ಟೆಯನ್ನು ಮೈಸುತ್ತ ಎತ್ತಿ ಸಿಕ್ಕಿಸಿಕೊಳ್ಳುವುದು ಎಂದು ಅರ್ಥ. ಗದ್ದೆಗೆ ಇಳಿಯುವ ಮುಂಚೆ ನಮ್ಮವರು ಪಂಚೆ ಎತ್ತಿ ಕಟ್ಟುತ್ತಾರಲ್ಲ, ಅದೇ ಕೆಲಸ.

ಇನ್ನು ಎಂಟು ಗಜದ ಲೆಕ್ಕ. ಇದನ್ನು ತೀರ್ಮಾನಿಸುವುದರಲ್ಲಿ ಉಡುವವನ ಸೊಂಟಕ್ಕಿಂತ ಬಟ್ಟೆಯ ಮೇಲಿನ ಚೌಕಳಿಯ ಪಾತ್ರವೇ ದೊಡ್ಡದು. ಟಾರ್ಟನ್ ಅಂದರೆ ಹಾಸಿನಲ್ಲಿ ಯಾವ ಬಣ್ಣ ಎಷ್ಟು ಎಳೆ ಬಂದಿದೆಯೋ ಹೊಕ್ಕಿನಲ್ಲೂ ಅದೇ ಬಣ್ಣ ಅಷ್ಟೇ ಎಳೆ ಬರುವ ಉಣ್ಣೆಯ ನೇಯ್ಗೆ. ಹಸಿರು, ನೀಲಿ, ಕಪ್ಪು, ನಡುವೆ ಒಂದು ಹಳದಿ ಗೆರೆ, ಮತ್ತೆ ಕಪ್ಪು, ನೀಲಿ, ಹಸಿರು ಎಂದು ಹೋಗಿ ಹೊರಟಲ್ಲಿಗೇ ಮರಳುತ್ತದೆ. ತಾಳದ ಆವರ್ತ ಮುಗಿದು ಮತ್ತೆ ಸಮಕ್ಕೆ ಬಂದ ಹಾಗೆ. ಆ ಒಂದು ಆವರ್ತಕ್ಕೆ ಸೆಟ್ ಎಂದು ಹೆಸರು. ಕೆಲವು ಟಾರ್ಟನ್‌ಗಳಲ್ಲಿ ಸೆಟ್ ಐದಾರು ಇಂಚು, ಕೆಲವದರಲ್ಲಿ ಎಂಟೊಂಬತ್ತು.

ನೆರಿಗೆ ಹಿಡಿಯುವವರ ಹಟ ಇಲ್ಲಿದೆ. ಬಟ್ಟೆಯನ್ನು ಮನಸ್ಸಿಗೆ ಬಂದಲ್ಲಿ ಮಡಿಚಿದರೆ ಹಿಂಬದಿಯ ಚೌಕಳಿ ಕಲಸಿದ ಚಿತ್ರಾನ್ನವಾಗುತ್ತದೆ. ಆದ್ದರಿಂದ ಪ್ರತಿ ನೆರಿಗೆಯೂ ಒಂದು ಪೂರ್ತಿ ಸೆಟ್ಟನ್ನು ನುಂಗಿ, ಮುಂದಿನ ಸೆಟ್ಟಿನ ಸರಿಯಾದ ಗೆರೆಯಲ್ಲಿ ತಲೆ ಎತ್ತಬೇಕು. ಇದರಲ್ಲಿ ಎರಡು ಪದ್ಧತಿ. ಪ್ರತಿ ನೆರಿಗೆಯ ನಡುವೆಯೂ ಒಂದೇ ಗೆರೆ, ಹಳದಿಯಾದರೆ ಹಳದಿಯೇ, ಬರುವ ಹಾಗೆ ಮಡಿಚುವುದು ಸೈನ್ಯದ ಪದ್ಧತಿ. ಹಿಂದಿನಿಂದ ನೋಡಿದರೆ ಚೌಕಳಿಯೇ ಕಾಣದೆ ಅಡ್ಡಪಟ್ಟಿಗಳಷ್ಟೇ ಕಾಣುತ್ತವೆ. ನಡೆದಾಗ ನೆರಿಗೆ ಬಾಯಿ ತೆರೆದು ಒಳಗಿನ ಬಣ್ಣ ಮಿಂಚುತ್ತದೆ. ಇನ್ನೊಂದು ಪದ್ಧತಿ ಊರ ಜನರದು. ಒಂದೊಂದು ನೆರಿಗೆಯಲ್ಲೂ ಚೌಕಳಿಯ ಮುಂದಿನ ಚೂರು ಕಾಣಬೇಕು, ಎಲ್ಲ ಚೂರೂ ಸೇರಿ ಹಿಂದೆಯೂ ಮುಂದಿನಂಥದೇ ಚೌಕಳಿ ಕೂಡಿಕೊಳ್ಳಬೇಕು. ಅಷ್ಟೆಲ್ಲ ಮಡಿಚಿಯೂ ಮಡಿಚೇ ಇಲ್ಲವೇನೋ ಅನ್ನಿಸುವಂತೆ ಹೊಲಿಯುವುದು! ಕಸುಬು ಬಲ್ಲವರ ಜಂಬ ಇರುವುದು ಈ ಎರಡನೆಯದರಲ್ಲಿ.

ಕಾಗದ ಪೆನ್ಸಿಲು ಹಿಡಿದು ನೋಡೋಣ. ಪೃಷ್ಠದ ಸುತ್ತಳತೆ 42 ಇಂಚು ಅನ್ನಿ. ಮುಂದಿನ ಅರ್ಧ, ಅಂದರೆ 21 ಇಂಚು, ಏಪ್ರನ್ನಿನದು. ಒಳಗಿನ ಏಪ್ರನ್ನಿಗೂ ಅಷ್ಟೇ. ಎರಡರ ಅಂಚುಗಳ ಮಡಿಕೆಗೆ, ಪಕ್ಕದ ಆಳ ನೆರಿಗೆಗೆ ಇನ್ನೊಂದು 14 ಇಂಚು. ಅಲ್ಲಿಗೆ 56 ಇಂಚು ಆಯಿತು. ಎಂಟು ಗಜದ 288 ಇಂಚಿನಲ್ಲಿ 232 ಉಳಿಯಿತು. ಸೆಟ್ ಎಂಟು ಇಂಚಿನದಾದರೆ 29 ನೆರಿಗೆ. ಇವನ್ನು ಹಿಂದಿನ 21 ಇಂಚಿನೊಳಗೆ ಕೂರಿಸಬೇಕು, ಹಾಗಾಗಿ ಒಂದೊಂದು ನೆರಿಗೆಯಲ್ಲೂ ಹೊರಗೆ ಕಾಣುವುದು ಮುಕ್ಕಾಲು ಇಂಚಿಗೂ ಕಡಿಮೆ. ಏಳು ಇಂಚಿಗೂ ಹೆಚ್ಚು ಒಳಗೆ ಬಚ್ಚಿಟ್ಟುಕೊಂಡಿರುತ್ತದೆ. ಒಟ್ಟಾರೆ ಲೋಕಕ್ಕೆ ಕಾಣುವುದು 42 ಇಂಚು, ಕೊಂಡದ್ದು 288. ಏಳು ಪಾಲಿನಲ್ಲಿ ಒಂದು ಪಾಲು ಪ್ರದರ್ಶನಕ್ಕೆ, ಆರು ಪಾಲು ಕತ್ತಲೆಗೆ.

ಅದೇ ಮನುಷ್ಯ ಸೆಟ್ ಆರೇ ಇಂಚು ಇರುವ ಟಾರ್ಟನ್ ಆರಿಸಿಕೊಂಡ ಅನ್ನಿ. ಆಗ 27 ನೆರಿಗೆಗೆ 162 ಇಂಚು, ಏಪ್ರನ್ನುಗಳ 56 ಸೇರಿ 218. ಆರು ಗಜ ಚಿಲ್ಲರೆ. ಸೊಂಟ ಅದೇ, ಉದ್ದ ಅದೇ, ದರ್ಜಿ ಅವನೇ. ಚೌಕಳಿ ಬದಲಾಗಿದ್ದಕ್ಕೆ ಎರಡು ಗಜ ಉಳಿಯಿತು. ದಪ್ಪ ಮನುಷ್ಯ ದೊಡ್ಡ ಚೌಕಳಿಯ ಮೇಲೆ ಆಸೆಪಟ್ಟರೆ ಒಂಬತ್ತು ಗಜವನ್ನೂ ದಾಟಬಹುದು. ಎಂಟು ಎಂಬುದು ಹೀಗೆ ಸರಾಸರಿಯ ಒಂದು ಸಂಖ್ಯೆ. ಅದು ಯಾವಾಗ ಶಾಸ್ತ್ರವಾಯಿತೋ!

ಈ ಮಡಿಕೆಗಳು ಒಂದರ ಮೇಲೊಂದು ಒರಗಿ ಮಲಗುವುದರಿಂದ ಹಿಂಬದಿಯಲ್ಲಿ ಎಲ್ಲಿ ಕೈಯಿಟ್ಟರೂ ಸುಮಾರು ಹನ್ನೊಂದು ಪದರ ಉಣ್ಣೆ ಸಿಗುತ್ತದೆ. ಸೊಂಟದ ಹತ್ತಿರ ಅಷ್ಟು ದಪ್ಪ ಬಂದರೆ ಉಟ್ಟವನು ಮೂಟೆ ಕಟ್ಟಿಕೊಂಡವನಂತೆ ಕಾಣುತ್ತಾನೆ. ಅದಕ್ಕೆ ಹೊಲಿಗೆಯಿರುವ ಮೇಲ್ಭಾಗದಲ್ಲಿ ಒಳಮಡಿಕೆಯ ಬಟ್ಟೆಯನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಬಿಗಿಯಾಗಿ ಕ್ಯಾನ್ವಾಸ್ ಕೊಟ್ಟು, ಮೇಲೆ ಲೈನಿಂಗ್ ಹೊಲಿಯುತ್ತಾರೆ. ಗಜಕ್ಕೆ ಇಷ್ಟು ಎಂದು ತೆತ್ತು ತಂದ ಬಟ್ಟೆಯ ಹೊಟ್ಟೆಯನ್ನೇ ಬಗೆಯುವುದಕ್ಕೆ ಎಷ್ಟು ಧೈರ್ಯ ಬೇಕು ಎಂಬುದು ಕತ್ತರಿ ಹಿಡಿದವರಿಗೇ ಗೊತ್ತು.

ಎಂಟು ಗಜ ಎಂದು ಕೇಳಿಕೊಂಡು ಹೋಗಿ ಎಂಟು ಗಜ ಬಟ್ಟೆ ಕೊಂಡವರು ಮಾತ್ರ ಬೇಸ್ತು ಬೀಳುತ್ತಾರೆ. ಇದು ಪನ್ನದ, ಅಂದರೆ ಬಟ್ಟೆಯ ಅಗಲದ, ವಿಷಯ. ಇವತ್ತಿನ ಮಿಲ್ಲುಗಳು ಟಾರ್ಟನ್ ನೇಯುವುದು 54ರಿಂದ 60 ಇಂಚಿನ ದೊಡ್ಡ ಪನ್ನದಲ್ಲಿ. ಸೊಂಟದಿಂದ ಮೊಣಕಾಲಿಗೆ ಬೇಕಾದದ್ದು ಸುಮಾರು 24 ಇಂಚು. ಆದ್ದರಿಂದ ದೊಡ್ಡ ಪನ್ನದ ನಾಲ್ಕು ಗಜ ತಂದು, ಉದ್ದಕ್ಕೆ ನಡುವೆ ಸೀಳಿ, ಎರಡು ಪಟ್ಟಿ ಮಾಡಿ, ತುದಿಗೆ ತುದಿ ಸೇರಿಸಿ ಹೊಲಿದರೆ ಎಂಟು ಗಜ. ಆ ಜೋಡಣೆ ಒಂದು ನೆರಿಗೆಯ ಹೊಟ್ಟೆಯೊಳಗೆ ಅಡಗಿಹೋಗುತ್ತದೆ. ಎಂಟು ಗಜವನ್ನೂ ದೊಡ್ಡ ಪನ್ನದಲ್ಲೇ ತಂದವನು ಅಣ್ಣತಮ್ಮಂದಿರಿಬ್ಬರಿಗೂ ಹೊಲಿಸಬಹುದು.

ಅರ್ಧ ಪನ್ನವನ್ನೇ ಮೂಲ ಅಳತೆ ಮಾಡಿಕೊಂಡದ್ದೇಕೆ? ಹಳೆಯ ಕೈಮಗ್ಗದಲ್ಲಿ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಬೇಕಿತ್ತು. ನೇಕಾರನ ತೋಳು ಚಾಚುವಷ್ಟೇ ಬಟ್ಟೆಯ ಅಗಲ. ಇಪ್ಪತ್ತೈದು ಇಂಚು, ಹೆಚ್ಚೆಂದರೆ ಮೂವತ್ತು. ಜಾನ್ ಕೇ ಎಂಬ ಇಂಗ್ಲಿಷಿನವ 1733ರಲ್ಲಿ ದಾರ ಎಳೆದರೆ ತಾನೇ ಓಡುವ ಲಾಳಿ ಕಂಡುಹಿಡಿದ ಮೇಲೆ ಮಗ್ಗ ಅಗಲವಾಗುವುದಕ್ಕೆ ದಾರಿಯಾಯಿತು. ಮಗ್ಗ ಅಗಲವಾಗಿ ಎಷ್ಟೋ ಕಾಲವಾದರೂ ಕಿಲ್ಟಿನವರ ಬಾಯಲ್ಲಿ ಇನ್ನೂ ಆ ತೋಳಳತೆಯೇ ಉಳಿದಿದೆ.

ಬಟ್ಟೆಯನ್ನು ಅಡ್ಡಕ್ಕೆ ತಿರುಗಿಸಿ ಉಡುವುದರಿಂದ ಇನ್ನೊಂದು ಅನುಕೂಲ. ನೇಯ್ಗೆಯ ಅಂಚೇ ಕಿಲ್ಟಿನ ಕೆಳತುದಿ. ಮಡಿಚಿ ಹೊಲಿಯಬೇಕಾಗಿಲ್ಲ. ಎಂಟು ಗಜದ ಘೇರನ್ನು ಮಡಿಚಿ ಹೊಲಿದಿದ್ದರೆ ಹನ್ನೊಂದು ಪದರದ ಜಾಗದಲ್ಲಿ ಅದರ ದುಪ್ಪಟ್ಟು ದಪ್ಪವಾಗಿ, ನೆರಿಗೆ ಕೆಳಗೆ ಊದಿಕೊಂಡು ನಿಲ್ಲುತ್ತಿತ್ತು. ಅದಕ್ಕೇ ಕಿಲ್ಟಿನ ಬಟ್ಟೆಯ ಅಂಚನ್ನು ಮಿಲ್ಲಿನವರು ವಿಶೇಷ ಮುತುವರ್ಜಿಯಿಂದ ನೇಯುತ್ತಾರೆ. ಸೀಳಿದ ಎರಡು ಪಟ್ಟಿಯಲ್ಲಿ ಒಂದನ್ನು ತಲೆಕೆಳಗು ಮಾಡಿದರೆ ಎರಡಕ್ಕೂ ಕೆಳಗಡೆ ಅಂಚು ಸಿಗುತ್ತದೆ. ಚೌಕಳಿ ಎಡಬಲ ಒಂದೇ ಸಮ ಇದ್ದರೆ ತೊಂದರೆಯಿಲ್ಲ. ಬಣ್ಣದ ಕ್ರಮ ಒಂದೇ ದಿಕ್ಕಿಗೆ ಓಡುವ ಟಾರ್ಟನ್‌ಗಳೂ ಕೆಲವು ಇವೆ. ಅವನ್ನು ತಿರುಗಿಸಿದರೆ ಬಣ್ಣಗಳು ಉಲ್ಟಾ ಆಗಿ ದರ್ಜಿಯ ನಿದ್ದೆ ಕೆಡುತ್ತದೆ.

ಎಂಟು ಗಜವೇ ಸನಾತನ ಎನ್ನುವವರ ಜೊತೆ ನನಗೆ ಸ್ವಲ್ಪ ಜಗಳವಿದೆ. ಕಿಲ್ಟಿನ ಹಿರಿಯಜ್ಜ ನೆರಿಗೆಯ ಹೊಲಿಗೆಯನ್ನೇ ಕಂಡಿರಲಿಲ್ಲ. ಗೇಲಿಕ್ ಭಾಷೆಯಲ್ಲಿ ಫೇಲಾ ಮೋರ್, ದೊಡ್ಡ ಸುತ್ತುಬಟ್ಟೆ, ಎನ್ನುವ ಅದು ಹದಿನಾರನೇ ಶತಮಾನದ ಕೊನೆಗೆ ಕಾಣಿಸಿಕೊಂಡಿತು. ಕಿರುಪನ್ನದ ಎರಡು ಪಟ್ಟಿಗಳನ್ನು ಉದ್ದಕ್ಕೆ ಸೇರಿಸಿ ಹೊಲಿದರೆ ನಾಲ್ಕೈದು ಗಜ ಉದ್ದದ, ಒಂದೂವರೆ ಗಜದಷ್ಟು ಅಗಲದ ಹಾಳೆಯಾಗುತ್ತಿತ್ತು. ಕಿರುಪನ್ನದ ಲೆಕ್ಕದಲ್ಲಿ ಎಂಟರಿಂದ ಹತ್ತು ಗಜ. ಅದನ್ನು ನೆರಿಗೆ ಹಿಡಿದು ಸೊಂಟಪಟ್ಟಿಯಿಂದ ಬಿಗಿದರೆ ಕೆಳಗಿನರ್ಧ ಕಿಲ್ಟು, ಮೇಲಿನರ್ಧ ಹೆಗಲಿಗೆ ಹೊದಿಕೆ. ಮಳೆ ಬಂದರೆ ತಲೆಗೆ ಮುಸುಕು, ರಾತ್ರಿಯಾದರೆ ಹಾಸಿಗೆ. ಅದಕ್ಕಿದ್ದ ಪ್ಲಾಡ್ ಎಂಬ ಇನ್ನೊಂದು ಹೆಸರಿಗೂ ಗೇಲಿಕ್‌ನಲ್ಲಿ ಕಂಬಳಿ ಎಂದೇ ಅರ್ಥ. ಕಂಬಳಿ ಕೊಪ್ಪೆ ಹೊದ್ದು ಕುರಿ ಕಾಯುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಿನರ್ಧವನ್ನು ಬಿಟ್ಟು ಕೆಳಗಿನರ್ಧವನ್ನಷ್ಟೇ ಉಡುವ ಫೇಲಾ ಬೆಗ್, ಅಂದರೆ ಚಿಕ್ಕ ಸುತ್ತುಬಟ್ಟೆ, ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ರೂಢಿಗೆ ಬಂತು. ಇದನ್ನು ಮಾಡಿಸಿದವನು ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಕುಲುಮೆಯ ಸಾಹುಕಾರ, ತನ್ನ ಕೆಲಸಗಾರರಿಗೆ ಆ ದೊಡ್ಡ ಬಟ್ಟೆ ಅಡ್ಡಿಯಾಗುತ್ತಿತ್ತು ಎಂಬ ಕಾರಣಕ್ಕೆ ಎಂದು ಹದಿನೆಂಟನೇ ಶತಮಾನದ ಪತ್ರವೊಂದು ಹೇಳುತ್ತದೆ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಅದನ್ನೇ ಹಿಡಿದು, ಸ್ಕಾಟ್ಲೆಂಡಿನ ರಾಷ್ಟ್ರೀಯ ಉಡುಪು ಇಂಗ್ಲಿಷಿನವನ ಕೈಗೂಸು ಎಂದು ಬರೆದ. ಸ್ಕಾಟರು ಕೆರಳಿದರು, ಅದಕ್ಕೂ ಮುಂಚೆ ಇತ್ತು ಎಂದು ಸಾಕ್ಷ್ಯ ಹುಡುಕಿದರು. ಜಗಳ ಇನ್ನೂ ತಣ್ಣಗಾಗಿಲ್ಲ. ಬಟ್ಟೆಯ ಲೆಕ್ಕಕ್ಕೆ ಬಂದರೆ ಒಂದಂತೂ ನಿಜ: ಎರಡು ಪಟ್ಟಿಯ ಬದಲು ಒಂದೇ ಪಟ್ಟಿ ಸಾಕಾಗಿ ಖರ್ಚು ಅರ್ಧಕ್ಕಿಳಿಯಿತು.

1746ರ ಏಪ್ರಿಲ್‌ನಲ್ಲಿ ಕಲಾಡೆನ್ ಬಯಲಿನಲ್ಲಿ, ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನವರು ಬ್ರಿಟಿಷ್ ಅರಸೊತ್ತಿಗೆಯ ವಿರುದ್ಧ ಎದ್ದ ದಂಗೆ ನೆಲಕಚ್ಚಿತು. ಅದೇ ವರ್ಷದ ಕಾನೂನು ಈ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆ, ಎರಡನೇ ಸಲಕ್ಕೆ ಏಳು ವರ್ಷ ಸಮುದ್ರದಾಚೆಯ ತೋಟಗಳಿಗೆ ಗಡೀಪಾರು. ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ದಳಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ 1782ರಲ್ಲಿ ನಿಷೇಧ ತೆರವಾಗುವವರೆಗೆ ಕಿಲ್ಟನ್ನು ಬದುಕಿಸಿಟ್ಟವರಲ್ಲಿ ಮುಖ್ಯರು ಸೋಲಿಸಿದವರ ಸಿಪಾಯಿಗಳೇ. ಹೊಲಿದು ಕೂರಿಸಿದ ನೆರಿಗೆಯ ಕಿಲ್ಟುಗಳಲ್ಲಿ ಉಳಿದುಬಂದಿರುವ ಅತಿ ಹಳೆಯದೂ ಸೈನ್ಯದ್ದೇ, 1790ರ ದಶಕದ ಗೋರ್ಡನ್ ಹೈಲ್ಯಾಂಡರ್ಸ್ ದಳದ್ದು. ಅದಕ್ಕೆ ಹೋಗಿರುವ ಬಟ್ಟೆ ನಾಲ್ಕು ಗಜವೂ ಇಲ್ಲ.

ಹೇಗೆ ಸಾಕಾಯಿತು ಅಂದರೆ ಆಗಿನದು ಬಾಕ್ಸ್ ಪ್ಲೀಟ್. ಕಾನ್ವೆಂಟ್ ಹುಡುಗಿಯರ ಸ್ಕರ್ಟಿನಲ್ಲಿ ನೋಡಿರುತ್ತೀರಿ; ಬಟ್ಟೆ ಎರಡೂ ಕಡೆಗೆ ಒಳಗೆ ಮಡಿಚಿಕೊಂಡು, ಮೇಲೆ ಪೆಟ್ಟಿಗೆಯಂತೆ ಚಪ್ಪಟೆ ಕೂರುವ ನೆರಿಗೆ. ಒಳಮಡಿಕೆ ಪಕ್ಕದ ನೆರಿಗೆಯ ಒಳಮಡಿಕೆಗೆ ತಾಗಿದರೆ ಮುಗಿಯಿತು, ಅದಕ್ಕಿಂತ ಆಳಕ್ಕೆ ಹೋಗುವಂತಿಲ್ಲ. ಕಾಣುವ ಅಗಲದ ಮೂರರಷ್ಟೇ ಬಟ್ಟೆ, ಮೂರೇ ಪದರ. ಈಗಿನದು ನೈಫ್ ಪ್ಲೀಟ್. ಎಲ್ಲ ಮಡಿಕೆಯೂ ಒಂದೇ ಕಡೆಗೆ ಒರಗುತ್ತವೆ, ಕೈಯಲ್ಲಿ ಹರಡಿದ ಇಸ್ಪೀಟೆಲೆಯ ಹಾಗೆ. ಎಷ್ಟು ಆಳ ಬೇಕಾದರೂ ಹೋಗಬಹುದು, ಎಷ್ಟು ಬಟ್ಟೆ ಬೇಕಾದರೂ ನುಂಗಬಹುದು. ಹತ್ತೊಂಬತ್ತನೇ ಶತಮಾನದ ಉದ್ದಕ್ಕೂ ನೆರಿಗೆ ಆಳವಾಗುತ್ತ, ನಾಲ್ಕು ಐದಾಗಿ, ಐದು ಏಳಾಗಿ, ಕೊನೆಗೆ ಎಂಟಕ್ಕೆ ಬಂದು ನಿಂತಿತು. ಅಜ್ಜನ ಕಾಲದಿಂದ ಬಂದದ್ದು ಎಂದು ಈಗ ಎದೆ ತಟ್ಟಿ ಹೇಳುವ ಎಂಟು ಗಜ ನಿಜಕ್ಕೂ ಮೊಮ್ಮಗ. ನಾಲ್ಕು ಗಜದ ಬಾಕ್ಸ್ ಪ್ಲೀಟ್ ಉಟ್ಟವನನ್ನು ಜಿಪುಣ ಎಂದು ನಗುವವರಿಗೆ ಗೋರ್ಡನ್ ಹೈಲ್ಯಾಂಡರ್ಸ್‌ನವರ ಕಿಲ್ಟನ್ನು ತೋರಿಸಬೇಕು.

ಬಟ್ಟೆಯ ಅಬ್ಬರ ಹೆಚ್ಚಾದದ್ದಕ್ಕೆ ಒಬ್ಬ ರಾಜನೂ ಕಾರಣ. 1822ರ ಆಗಸ್ಟ್‌ನಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದ. ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಮುಂದೆ ನಿಂತು ಊರಿಗೆ ಊರನ್ನೇ ಟಾರ್ಟನ್‌ನಲ್ಲಿ ಅದ್ದಿ ತೆಗೆದ. ಬ್ಯಾನಕ್‌ಬರ್ನ್‌ನ ವಿಲ್ಸನ್ ಮನೆತನದ ಮಗ್ಗಗಳಿಗೆ ಕೈತುಂಬ ಕೆಲಸ. ರಾಜನ ಹೈಲ್ಯಾಂಡ್ ಪೋಷಾಕಿನ ಬಿಲ್ಲಿನಲ್ಲಿ ಟಾರ್ಟನ್ ಸ್ಯಾಟಿನ್ 61 ಗಜ, ಮಖಮಲ್ಲು 31 ಗಜ, ಕ್ಯಾಶ್ಮೀರ್ ಹದಿನೇಳೂವರೆ ಗಜ. ಆಯುಧ, ಆಭರಣ ಸೇರಿ ಒಟ್ಟು 1,354 ಪೌಂಡು. ಆ ಮಹಾಕಾಯ ರಾಜ ಕಿಲ್ಟಿನ ಕೆಳಗೆ ಗುಲಾಬಿ ಬಣ್ಣದ ಬಿಗಿ ಕಾಲುಚೀಲ ಬೇರೆ ಹಾಕಿಕೊಂಡಿದ್ದ. ಚಿತ್ರಕಾರ ಡೇವಿಡ್ ವಿಲ್ಕಿ ಆಮೇಲೆ ಬರೆದ ಭಾವಚಿತ್ರದಲ್ಲಿ ಕಾಲುಚೀಲವನ್ನು ಮಾಯ ಮಾಡಿ, ಹೊಟ್ಟೆಯನ್ನೂ ಒಂದಿಷ್ಟು ತಗ್ಗಿಸಿ ಉಪಕಾರ ಮಾಡಿದ. ಈ ವಿಲ್ಕಿ ನಮಗೆ ತೀರ ಅಪರಿಚಿತನೇನಲ್ಲ. ಶ್ರೀರಂಗಪಟ್ಟಣದ ಕೋಟೆಯಲ್ಲಿ ದೀವಟಿಗೆ ಬೆಳಕಿನಲ್ಲಿ ಟಿಪ್ಪುವಿನ ದೇಹವನ್ನು ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್ ಪತ್ತೆ ಮಾಡುವ ಆ ದೊಡ್ಡ ಚಿತ್ರ, ಬೇರ್ಡ್‌ನ ವಿಧವೆ ಬರೆಸಿದ್ದು, 1839ರಲ್ಲಿ ಮುಗಿಸಿದವನು ಇವನೇ.

ಇಷ್ಟು ಬಟ್ಟೆ ಹೊತ್ತುಕೊಂಡು ಓಡಾಡುವುದೇನು ಸಣ್ಣ ಮಾತೇ? ದೊಡ್ಡ ಪನ್ನದಲ್ಲಿ ಗಜಕ್ಕೆ 16 ಔನ್ಸ್ ತೂಗುವ ಒಳ್ಳೆಯ ಉಣ್ಣೆ ನಾಲ್ಕು ಗಜ ಅಂದರೆ ನಾಲ್ಕು ಪೌಂಡು, ಹತ್ತಿರ ಹತ್ತಿರ ಒಂದು ಕೆಜಿ ಎಂಟುನೂರು ಗ್ರಾಂ. ಸೈನ್ಯದ್ದು ಅದಕ್ಕಿಂತ ಭಾರ. ಆ ಭಾರಕ್ಕೇ ನಡೆಯುವಾಗ ನೆರಿಗೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುವುದು, ಗಾಳಿಗೆ ಬಟ್ಟೆ ಹಾರದಿರುವುದು. ಪೈಪ್ ಬ್ಯಾಂಡಿನ ಹಿಂದೆ ನಿಂತು ನೋಡಿದವರಿಗೆ ಆರು ಪಾಲು ಕತ್ತಲೆಯ ಬಟ್ಟೆ ಏನು ಮಾಡುತ್ತಿದೆ ಎಂದು ತಿಳಿಯುತ್ತದೆ. ಮೊದಲ ಮಹಾಯುದ್ಧದ ಕಂದಕದಲ್ಲಿ ಇದೇ ಬಟ್ಟೆ ಬೇರೆ ಕೆಲಸ ಮಾಡಿತು. ನೀರು ಕುಡಿದು ಭಾರವಾಯಿತು, ಕೆಸರು ಮೆತ್ತಿಕೊಂಡು ಹೆಪ್ಪುಗಟ್ಟಿ ಮಂಡಿಯ ಹಿಂಬದಿಯನ್ನು ಕೊಯ್ಯಿತು, ನೆರಿಗೆಯ ಬೆಚ್ಚನೆ ಸಂದುಗಳಲ್ಲಿ ಹೇನು ಸಂಸಾರ ಹೂಡಿದವು. ಮೇಲೆ ಖಾಕಿ ಏಪ್ರನ್ ಕಟ್ಟಿಕೊಂಡು ಸಿಪಾಯಿಗಳು ಸುಧಾರಿಸಿದರು. ಒಂದು ಇಡೀ ದಳ ಕಿಲ್ಟ್ ಉಟ್ಟು ಕಾದಿದ್ದು 1940ರ ಫ್ರಾನ್ಸಿನಲ್ಲೇ ಕೊನೆ. ಕ್ಯಾಮರನ್ ಹೈಲ್ಯಾಂಡರ್ಸ್ ದಳದವರು ಅವರು.

ಇಂಗ್ಲಿಷಿನಲ್ಲಿ ಯಾವುದನ್ನಾದರೂ ಸಂಪೂರ್ಣವಾಗಿ ಎನ್ನುವುದಕ್ಕೆ ‘ಒಂಬತ್ತೂ ಗಜ’ ಎನ್ನುವ ನುಡಿಗಟ್ಟಿದೆ. ಅದು ಕಿಲ್ಟಿನಿಂದ ಬಂದದ್ದು ಎಂದು ಪ್ರವಾಸಿಗರಿಗೆ ಹೇಳುವುದುಂಟು. ನಂಬಬೇಡಿ. ಅದರ ಹಳೆಯ ಬಳಕೆಗಳು ಸಿಕ್ಕಿರುವುದು ಅಮೆರಿಕದ ಇಂಡಿಯಾನ, ಕೆಂಟಕಿ ಕಡೆಯ ಪತ್ರಿಕೆಗಳಲ್ಲಿ, 1907ರಿಂದೀಚೆಗೆ. ಕೆಂಟಕಿಯಲ್ಲಂತೂ 1912ರಲ್ಲಿ ಅದು ‘ಆರೂ ಗಜ’ ಆಗಿತ್ತು. ಒಂಬತ್ತು ಗಜ ಎಂದು ಹಕ್ಕಿನಿಂದ ಹೇಳಬಲ್ಲವರು ಕಚ್ಚೆ ಸೀರೆಯ ನಮ್ಮ ಅಜ್ಜಿಯರು.

ಹೊಸ ಕಿಲ್ಟ್ ಹೊಲಿದಾದ ಮೇಲೆ ಬಿಡಿ ನೆರಿಗೆಗಳು ಕದಲದಿರಲಿ ಎಂದು ಕೆಳಭಾಗದ ಉದ್ದಕ್ಕೂ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿರುತ್ತಾರೆ. ಒದ್ದೆ ಬಟ್ಟೆ ಹೊದಿಸಿ ಬಿಸಿ ಇಸ್ತ್ರಿ ಒತ್ತುವುದು ಅದರ ಮೇಲೆಯೇ. ಗಿರಾಕಿಗೆ ಒಪ್ಪಿಸುವಾಗಲೂ ಆ ದಾರ ಹಾಗೇ ಇರುತ್ತದೆ. ಮನೆಗೆ ಒಯ್ದು, ಮದುವೆಯ ದಿನ ಬೆಳಿಗ್ಗೆ, ಕನ್ನಡಿಯ ಮುಂದೆ ನಿಂತು ಕತ್ತರಿಯ ತುದಿಯಿಂದ ಅದನ್ನು ಒಂದೊಂದೇ ಬಿಡಿಸಬೇಕು. ಹಾಗೇ ಮರೆತು ಉಟ್ಟುಕೊಂಡು ಹೊರಟ ಮದುಮಗನನ್ನು ಹಿಂದಿನಿಂದ ಯಾರಾದರೂ ಕೂಗಿ ನಿಲ್ಲಿಸುತ್ತಾರೆ.